ಬಾಚಣಿಗೆ ಬಿಲ್ಲೆಯ ಕಲಾಯಿ

ಕಾದ ತಾಮ್ರದ ಮೇಲೆ ನವಸಾಗರದ ಪುಡಿ ಬಿದ್ದಾಗ ಏಳುವ ಹೊಗೆಯ ವಾಸನೆ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಮೂಗಿನೊಳಗೆ ಉಪ್ಪು ಎರಚಿದ ಹಾಗೆ, ಗಂಟಲಲ್ಲಿ ಒಂದು ಸಣ್ಣ ಉರಿ, ಆಮೇಲೆ ಮಳೆಗೆ ನೆಂದ ಕಬ್ಬಿಣದ ಥಂಡಿ. ಬೀದಿ ಮೂಲೆಯಲ್ಲಿ ಕಲಾಯಿಯವನು ಬಂದು ಕೂತಿದ್ದಾನೆ ಅನ್ನುವುದು ಒಳಗಿದ್ದ ಹೆಂಗಸರಿಗೆ ಆ ವಾಸನೆಯಿಂದಲೇ ಗೊತ್ತಾಗುತ್ತಿತ್ತು. ಹಿತ್ತಾಳೆ ಪಾತ್ರೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬರುತ್ತಿದ್ದರು. ಈ ವರ್ಷ ಚಳಿ ಮುಗಿಯುವ ಹೊತ್ತಿಗೆ ಐರ್ಲೆಂಡಿನ ಕಿಲ್ಕೆನ್ನಿಯ ಒಂದು ಹಳೇ ಕಟ್ಟಡದ ಮಾಡಿನ ಮೇಲೆ ನಾನೂ ನನ್ನ ಜೊತೆಗಾರ ಶಾನ್ ಕೂಡ ತಾಮ್ರದ ತಗಡು ಬೆಸೆಯುತ್ತಿದ್ದೆವು. ಯಾವಾಗಲೂ ಬಳಸುವ ಬೆಸುಗೆ ಮದ್ದು ಸಿಗದೆ ಅಂಗಡಿಯವನು ಬೇರೆ ಡಬ್ಬಿ ಕೊಟ್ಟಿದ್ದ. ಟಾರ್ಚು ತಾಗಿಸಿದ್ದೇ ತಡ, ಅದೇ ನವಸಾಗರದ ಬಿಳಿ ಹೊಗೆ ಎದ್ದು ಮುಖಕ್ಕೆ ಬಂತು. ನನ್ನ ಕೈ ನಿಂತುಹೋಯಿತು. ಶಾನ್ ತಿರುಗಿ ನೋಡಿ, ಗ್ರ್ಯಾಂಡಾ, ಎಲ್ಲ ಸರಿಯಾ ಅಂತ ಕೇಳಿದ. ಗ್ರ್ಯಾಂಡ್ ಅಂದೆ. ಈ ಊರಲ್ಲಿ ಹುಟ್ಟಿಗೂ ಸಾವಿಗೂ ಅದೊಂದೇ ಮಾತು. ಆವತ್ತು ನನ್ನ ಜೇಬಿನಲ್ಲಿ ಒಂದು ಹಳೇ ತಾಮ್ರದ ಬಿಲ್ಲೆ ಇತ್ತು. ಒಂದು ಕಾಲಕ್ಕೆ ಅದರ ಮೇಲೆ ನಮ್ಮ ಅಬ್ಬಾ ಮಾಡಿದ್ದ ಕಲಾಯಿ ಇತ್ತು. ಈಗ ಇಲ್ಲ. ಅದನ್ನು ಎಲ್ಲಿಯಾದರೂ ಹೇಳಿಕೊಳ್ಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರಿನ ದಂಡು ಕಡೆಯ ಒಂದು ಗಲ್ಲಿ. ಮನೆಯೆಂದರೆ ಮುಂದೊಂದು ಜಗಲಿ, ಒಳಗೆ ಒಂದೂವರೆ ಕೋಣೆ, ಹಿಂದೆ ನಲ್ಲಿ. ಜಗಲಿಯ ಮುಂದೆ ನೆಲದಲ್ಲೇ ಕುಳಿ, ಅದರ ಬಾಯಿಗೆ ಹೂತಿಟ್ಟ ತಿದಿಯ ಕೊಳವೆ. ಅಬ್ಬಾ ಬೆಳಿಗ್ಗೆ ಇದ್ದಲು ಹೊತ್ತಿಸಿ ಕೂತರೆ ಮಧ್ಯಾಹ್ನದ ಆಜಾನ್ ಆಗುವ ತನಕ ಏಳುತ್ತಿರಲಿಲ್ಲ. ದೊಡ್ಡ ಹಂಡೆಗಳನ್ನು ಮರಳು ಹಾಕಿ ಕಾಲಲ್ಲೇ ತಿರುವಿ ತಿರುವಿ ಉಜ್ಜುತ್ತಿದ್ದ. ನೋಡಿದರೆ ಹಂಡೆಯೊಳಗೆ ನಿಂತು ಕುಣಿಯುತ್ತಿದ್ದಾನೆ ಅನ್ನಬೇಕು, ಹಾಗೆ. ಆಮೇಲೆ ಬೆಂಕಿಗೆ ಹಿಡಿದು, ಪಾತ್ರೆಯ ಬಣ್ಣ ತಿರುಗುವುದನ್ನೇ ಕಾದು, ನವಸಾಗರ ಎರಚಿ, ತವರದ ಕಡ್ಡಿಯನ್ನು ಒಂದು ಸಲ ಸವರಿ, ಹತ್ತಿಯ ಉಂಡೆಯಿಂದ ಬರ್ರನೆ ಒರೆಸಿದರೆ ಕಪ್ಪು ಪಾತ್ರೆಯೊಳಗೆ ಹುಣ್ಣಿಮೆ ಎದ್ದ ಹಾಗೆ ಬೆಳ್ಳಗಾಗುತ್ತಿತ್ತು. ನಾವು ಮಕ್ಕಳು ಅದರಲ್ಲಿ ಮುಖ ನೋಡಿಕೊಳ್ಳಲು ನುಗ್ಗುತ್ತಿದ್ದೆವು. ವರ್ಷ ಕಳೆಯುವುದರೊಳಗೆ ಆ ಬೆಳಕು ಸವೆದು, ಅದೇ ಪಾತ್ರೆ ಮತ್ತೆ ನಮ್ಮ ಜಗಲಿಗೆ ಬರುತ್ತಿತ್ತು. ಅಷ್ಟು ಕಷ್ಟಪಟ್ಟಿದ್ದು ನಿಲ್ಲುವುದಿಲ್ಲವಲ್ಲ ಅಂತ ಒಮ್ಮೆ ಕೇಳಿದ್ದಕ್ಕೆ ಅಬ್ಬಾ ನಕ್ಕು, "ನಮ್ಮ ಕೆಲಸ ಜನರ ಹೊಟ್ಟೆಗೆ ಹೋಗುತ್ತೆ ಕಣೋ, ಇಟ್ಟುಕೊಳ್ಳೋಕೆ ಅಲ್ಲ," ಅಂದಿದ್ದ.

ಅಬ್ಬಾನ ಅಪ್ಪ, ನಮ್ಮ ದಾದಾ, ಬ್ರಿಟಿಷರ ಕಾಲದಲ್ಲಿ ಬ್ಯಾರಕ್ಕುಗಳ ಅಡುಗೆಮನೆ ಪಾತ್ರೆಗಳಿಗೆ ಕಲಾಯಿ ಮಾಡುತ್ತಿದ್ದವನು. ನಾನು ಅವನನ್ನು ಕಂಡಿಲ್ಲ. ಅವನು ಬಿಟ್ಟುಹೋದದ್ದು ಒಂದು ಬಿಸ್ಕತ್ತಿನ ತಗಡು ಡಬ್ಬಿ. ಊರಿಗೆ ಹೊರಟ ಸೋಲ್ಜರುಗಳು ತಮ್ಮ ಜೇಬಿನ ಮೂಲೆಯಲ್ಲಿ ಉಳಿದ, ಇಲ್ಲಿ ನಡೆಯದ ಬಿಲಾಯತಿ ಚಿಲ್ಲರೆಯನ್ನು ಅಡುಗೆಮನೆಯವರಿಗೆ ಎಸೆದು ಹೋಗುತ್ತಿದ್ದರಂತೆ. ದಾದಾ ಅವನ್ನೆಲ್ಲ ಕೂಡಿಟ್ಟಿದ್ದ. ಅಂಗೈ ಅಗಲದ ಪೆನ್ನಿಗಳು, ಅರ್ಧ ಪೆನ್ನಿಗಳು, ನಡುವೆ ತೂತಿದ್ದ ಕ್ಯಾಂಟೀನಿನ ಟೋಕನ್ನುಗಳು, ಯಾವ ರಾಜನ ತಲೆಯೂ ಇಲ್ಲದ ವ್ಯಾಪಾರಿಗಳ ಬಿಲ್ಲೆಗಳು. ನಿಮ್ಮ ಮನೆಯಲ್ಲೂ ಅಂಥದೊಂದು ಡಬ್ಬಿ ಇದ್ದಿರಬಹುದು. ಯಾರ ಉಪಯೋಗಕ್ಕೂ ಬಾರದ, ಯಾರೂ ಎಸೆಯದ ಡಬ್ಬಿ. ನಮ್ಮ ಮನೆಯಲ್ಲಿ ಅದಕ್ಕೆ ಒಬ್ಬಳು ಯಜಮಾನಿ ಇದ್ದಳು. ನನ್ನ ಅಕ್ಕ ನೂರ್. ನಾನು ಆಪಾ ಅನ್ನುತ್ತಿದ್ದೆ.

ಆಪಾಗೆ ಮೊದಲು ಮಂಡಿ ಊದಿಕೊಂಡಿತು, ಆಮೇಲೆ ಆ ಕಾಯಿಲೆ ಗುಂಡಿಗೆಗೆ ತಾಗಿತು. ಓಡಬಾರದು, ನೀರು ಎತ್ತಬಾರದು, ಮೆಟ್ಟಿಲು ಹತ್ತಬಾರದು ಅಂತ ಡಾಕ್ಟರು ಹೇಳಿದ ಮೇಲೆ ಅವಳು ಜಗಲಿ ಬಿಟ್ಟು ಇಳಿಯಲಿಲ್ಲ. ಗಲ್ಲಿಯ ಹುಡುಗಿಯರೆಲ್ಲ ಕುಂಟೆಬಿಲ್ಲೆ ಆಡುವಾಗ ಅವಳು ಅಮ್ಮಿಯ ಹಳೇ ದುಪಟ್ಟಾ ಹಾಸಿ ಅದರ ಮೇಲೆ ದಾದಾನ ನಾಣ್ಯಗಳನ್ನು ಸಾಲಾಗಿ ಜೋಡಿಸಿ ಅಂಗಡಿ ಇಡುತ್ತಿದ್ದಳು. ಬೆಲೆ ಕಟ್ಟುವವಳು ಅವಳು, ಗಿರಾಕಿ ನಾನು. ಕೂದಲು ತುರುಬು ಕಟ್ಟಿದ ಎಳೇ ರಾಣಿಗೆ ಒಂದು ಬೆಲೆ, ಮುಸುಕು ಹೊದ್ದ ಮುದಿ ರಾಣಿಗೆ ಇನ್ನೊಂದು. ಮುಸುಕಿನವಳೇ ದುಬಾರಿ, ಯಾಕೆಂದರೆ ಅವಳು ನಮ್ಮ ನಾನಿಯ ಹಾಗೆ ಇದ್ದಾಳೆ ಅನ್ನುವುದು ಆಪಾನ ವಾದ. ಪೆನ್ನಿಯ ಹಿಂದುಗಡೆ ಕೈಯಲ್ಲಿ ಮೀನು ತಿವಿಯುವಂಥ ಮೂರು ಮೊನೆಯ ಕೋಲು ಹಿಡಿದು ಕೂತ ಹೆಂಗಸನ್ನು ಮೀನಮ್ಮ ಅನ್ನುತ್ತಿದ್ದಳು. ಬೆಲೆ ದುಡ್ಡಲ್ಲಿ ಅಲ್ಲ. ಒಂದು ಚೊಂಬು ನೀರು ತಂದುಕೊಡಬೇಕು, ಬೆನ್ನು ಕೆರೆಯಬೇಕು, ಇಲ್ಲವೆ ಮೂಲೆ ಮನೆಯವರ ಜಗಳ ಕೇಳಿಸಿಕೊಂಡು ಬಂದು ಚಾಚೂ ತಪ್ಪದೆ ಹೇಳಬೇಕು. ಕೊಂಡದ್ದನ್ನು ಸಂಜೆ ವಾಪಸು ಕೊಡಲೇಬೇಕು. ಒಮ್ಮೆ ನಾನು ಒಪ್ಪದೆ ಹಠ ಹಿಡಿದಾಗ, "ಹಂಗಾದ್ರೆ ನಾಳೆ ಅಂಗಡಿ ರಜಾ. ನೀನು ಹೋಗಿ ಲಗೋರಿ ಆಡ್ಕೋ," ಅಂದಳು. ಅಷ್ಟಕ್ಕೇ ನಾನು ಕೊಟ್ಟುಬಿಟ್ಟೆ.

ಆ ಸಾಲಿನಲ್ಲಿ ಮಾರಾಟಕ್ಕೆ ಇಡದ ಒಂದು ಬಿಲ್ಲೆ ಇತ್ತು. ತಲೆ ಇಲ್ಲ, ರಾಣಿ ಇಲ್ಲ. ಒಂದು ಬಾಗಿದ ಹಿಡಿಕೆ, ಅದರಿಂದ ಇಳಿದ ಉದ್ದುದ್ದ ಹಲ್ಲು. ನಾವು ಅದನ್ನು ಬಾಚಣಿಗೆ ಅಂತಲೇ ತಿಳಿದಿದ್ದೆವು. ಯಾವುದೋ ಬಾಚಣಿಗೆ ಅಂಗಡಿಯ ಸಾಹೇಬ ಮಾಡಿಸಿದ್ದಿರಬೇಕು ಅಂತ ಅಮ್ಮಿಯೂ ಹೇಳಿದ್ದಳು. ಆಪಾಗೆ ಉದ್ದ ಕೂದಲಿತ್ತು, ಅದನ್ನು ಬಾಚಿಕೊಳ್ಳಲೂ ಆಗದಷ್ಟು ಕೈ ಸೋತಿತ್ತು. ಆ ಬಿಲ್ಲೆಯನ್ನು ಹಣೆಯ ಮೇಲಿನ ಕೂದಲಿಗೆ ಹಿಡಿದು ಬಾಚಿಕೊಂಡ ಹಾಗೆ ಮಾಡಿ ನಮ್ಮನ್ನು ನಗಿಸುತ್ತಿದ್ದಳು.

ರಂಜಾನಿನ ಹಬ್ಬ ಹತ್ತಿರ ಬಂದಾಗ ಎದುರು ಮನೆ ಹುಡುಗಿಗೆ ಬೆಳ್ಳಿ ಕಾಲ್ಗೆಜ್ಜೆ ಬಂತು. ಅವಳು ಅದನ್ನು ಝಣ ಝಣ ಅನ್ನಿಸಿಕೊಂಡು ನಮ್ಮ ಜಗಲಿ ಮುಂದೆಯೇ ಓಡಾಡಿದಳು. ಆಪಾ ಬಾಚಣಿಗೆ ಬಿಲ್ಲೆಯನ್ನು ಅಬ್ಬಾನ ಮುಂದೆ ಹಿಡಿದು, ಇದನ್ನು ಬೆಳ್ಳಿ ಮಾಡಿಕೊಡು ಅಂದಳು. ಅಬ್ಬಾ ಇಕ್ಕಳ ಕೆಳಗಿಟ್ಟ.

"ಬೆಳ್ಳಿ ಅಲ್ಲಮ್ಮ, ಕಲಾಯಿ ಅಷ್ಟೇ. ನಿಲ್ಲಲ್ಲ ಅದು. ವರ್ಷಕ್ಕೆ ಹೋಗುತ್ತೆ."

"ಅಡಿಗೆ ಮಾಡಿದ್ರೆ ತಾನೆ ಹೋಗೋದು? ನಾನೇನು ಇದ್ರಲ್ಲಿ ಸಾರು ಕಾಯಿಸ್ತೀನಾ?"

ಅಬ್ಬಾ ನಕ್ಕ. ಅವನು ಬಾಯಿ ತುಂಬ ನಕ್ಕಿದ್ದನ್ನು ನಾನು ನೋಡಿದ್ದು ಕಡಿಮೆ. ಹಂಡೆಗಳನ್ನು ಪಕ್ಕಕ್ಕೆ ಸರಿಸಿ, ಬಿಲ್ಲೆಯನ್ನು ಬೂದಿ ಮತ್ತು ಹುಣಸೆಹಣ್ಣಿನಿಂದ ಉಜ್ಜಿ ತೊಳೆದ. ಇಕ್ಕಳದ ತುದಿಯಲ್ಲಿ ಹಿಡಿದು ಕುಳಿಯ ಮೇಲೆ ತಿರುಗಿಸಿದ. ಒಂದು ಚಿಟಿಕೆ ನವಸಾಗರ. ಬಿಳಿ ಹೊಗೆಯೊಳಗೆ ಅವನ ಮುಖ ಮಾಯವಾಗಿ ಮತ್ತೆ ಬಂತು. ಬಿರಿಯಾನಿಯ ದೊಡ್ಡ ದೊಡ್ಡ ದೇಗುಗಳ ಮೇಲೆ ಹರಿದಾಡುವ ಆ ಕೈ ಅಂದು ಸೂಜಿಗೆ ದಾರ ಪೋಣಿಸುವವನ ಹಾಗೆ ನಿಧಾನವಾಗಿ ತವರ ಮುಟ್ಟಿಸಿ, ಹತ್ತಿಯಲ್ಲಿ ಒಮ್ಮೆ ಒತ್ತಿ ತಿರುವಿತು. ಬಾಚಣಿಗೆ ಬೆಳ್ಳಗೆ ಹೊಳೆಯಿತು. ಆರಲಿ ತಡಿ ಅಂತ ಅಬ್ಬಾ ಹೇಳುತ್ತಿದ್ದ ಹಾಗೇ ಆಪಾ ಅದನ್ನು ಕಿತ್ತುಕೊಂಡಳು. ಬಿಸಿ ತಡೆಯಲಾರದೆ ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಹಾರಿಸುತ್ತ, ಊದುತ್ತ, ನಗುತ್ತ ಇದ್ದಳು. ಕೆಳಗೆ ಮಾತ್ರ ಹಾಕಲಿಲ್ಲ. ಅಮ್ಮಿ ಒಂದು ಹಸಿರು ಬಟ್ಟೆಯ ಪುಟ್ಟ ಚೀಲ ಹೊಲಿದು, ಕಪ್ಪು ದಾರಕ್ಕೆ ಕಟ್ಟಿ ಅವಳ ಕೊರಳಿಗೆ ಹಾಕಿದಳು. ಹಬ್ಬದ ದಿನ ಬಂದವರಿಗೆಲ್ಲ ಚೀಲದ ಬಾಯಿ ಬಿಚ್ಚಿ ತೋರಿಸುವುದೇ ಅವಳ ಕೆಲಸವಾಯಿತು.

ಆ ಮಳೆಗಾಲ ಮುಗಿಯುವ ಮುಂಚೆ ಆಪಾ ಹೋದಳು. ಗುಸುಲ್, ಅಂದರೆ ಕೊನೆಯ ಸ್ನಾನ, ಮಾಡಿಸಲು ಬಂದ ಹೆಂಗಸರು, ಮಣ್ಣಿಗೆ ಏನೂ ಹೋಗಬಾರದು ಅಂತ ಕೊರಳ ದಾರ ಕತ್ತರಿಸಿ ಅಮ್ಮಿಯ ಕೈಗೆ ಕೊಟ್ಟರು. ಅಮ್ಮಿ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಮೂರನೇ ದಿನದ ಫಾತಿಹಾ ಆದ ಮೇಲೆ ಅಬ್ಬಾ ಎದ್ದು ಹೋಗಿ ಕುಳಿ ಹೊತ್ತಿಸಿದ. ಪಾತ್ರೆ ಕೊಟ್ಟವರು ಕಾಯುತ್ತಿದ್ದರು. ಹೊಗೆ ಎದ್ದಾಗಲೆಲ್ಲ ಅವನು ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ಹೊಗೆ ಇಲ್ಲದಾಗಲೂ ಒರೆಸಿಕೊಳ್ಳುತ್ತಿದ್ದ. ದುಪಟ್ಟಾ ಹಾಸಿದ ಅಂಗಡಿ ಅಲ್ಲಿಗೆ ಮುಚ್ಚಿತು. ಡಬ್ಬಿಯನ್ನು ಯಾವಾಗಲೋ ಯಾರೋ ಗುಜರಿಗೆ ಕೊಟ್ಟರು, ನಾನು ಕೇಳಲಿಲ್ಲ.

ಮುಂದಿನದು ನಿಮಗೂ ಗೊತ್ತಿರುವುದೇ. ಮನೆ ಮನೆಗೆ ಸ್ಟೀಲು ಬಂತು. ಹಿತ್ತಾಳೆಯನ್ನು ಜನ ತೂಕಕ್ಕೆ ಹಾಕಿದರು. ಅಬ್ಬಾ ಉಜ್ಜಿ ಬೆಳಗಿದ್ದ ಹಂಡೆ, ದೇಗು, ತಪ್ಪಲೆಗಳೆಲ್ಲ ಕರಗಿ ಎಲ್ಲೆಲ್ಲಿಯ ನಲ್ಲಿಗಳಾದವೋ. ಅವನು ಒಂದು ಗೋಡೌನಿನ ಗೇಟಿನಲ್ಲಿ ಸ್ಟೂಲು ಹಾಕಿಕೊಂಡು ಕೂತು ಕೊನೆಯ ದಿನಗಳನ್ನು ಕಳೆದ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ವೆಲ್ಡಿಂಗ್ ಶಾಪು ಸೇರಿದೆ. ನನಗೆ ಅದರ ಬಗ್ಗೆ ಸಂಕೋಚವಿಲ್ಲ. ಕಲಿತದ್ದೆಲ್ಲ ಕೈಯಲ್ಲಿ ಕಲಿತೆ, ಯಾರ ಹಂಗಿನಲ್ಲೂ ಉಣ್ಣಲಿಲ್ಲ. ನರ್ಸಾಗಿದ್ದ ಹೆಂಡತಿ ಶಾಹಿನ್‌ಗೆ ಐರ್ಲೆಂಡಿನಲ್ಲಿ ಕೆಲಸ ಸಿಕ್ಕಿತು ಅಂತ ಅವಳ ಹಿಂದೆ ಬಂದವನು ನಾನು. ಬಂದ ಹೊಸದರಲ್ಲೇ ಮಾಡಿನ ತಗಡಿನ ಕೆಲಸ ಹಿಡಿದೆ. ಹೊರಡುವ ಮುಂಚೆ ಅಮ್ಮಿ ಆ ಬಿಲ್ಲೆಯನ್ನು ನನ್ನ ಕೈಗಿಟ್ಟಳು. ಹಸಿರು ಬಟ್ಟೆ ಆಗಲೇ ಪುಡಿಪುಡಿಯಾಗಿತ್ತು. ಕಲಾಯಿ ಮಾತ್ರ ಹಾಗೇ ಇತ್ತು, ಅಂಚಿನಲ್ಲಿ ಸ್ವಲ್ಪ ಮಾಸಿದ್ದು ಬಿಟ್ಟರೆ. ಆಪಾ ಹೇಳಿದ್ದು ಸರಿ. ಅದರಲ್ಲಿ ಯಾರೂ ಸಾರು ಕಾಯಿಸಿರಲಿಲ್ಲ. ಆಮೇಲೆ ಅಮ್ಮಿಯೂ ಹೋದಳು, ಗಲ್ಲಿಯೂ ಹೋಯಿತು. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ಒಮ್ಮೆ ಹೋದಾಗ ಕುಳಿ ಇದ್ದ ಜಾಗ ಯಾವುದೆಂದು ಹುಡುಕಿ ಗೊತ್ತಾಗದೆ ಬಂದೆ. ಅಬ್ಬಾನ ಜೀವಮಾನದ ಕೆಲಸದಲ್ಲಿ ಈ ಭೂಮಿಯ ಮೇಲೆ ಉಳಿದದ್ದು ಆ ಬಿಲ್ಲೆಯಗಲದ ಬಿಳುಪು ಒಂದೇ.

ಡಬ್ಲಿನ್ ಪಕ್ಕದ ಲೂಕನ್‌ನಲ್ಲಿ ಮನೆ ಮಾಡಿದ ಮೊದಲ ವಾರ ಹಾಲು ತರಲು ಹೋಗಿದ್ದೆ. ಅಂಗಡಿ ಹುಡುಗಿ ಕೊಟ್ಟ ಚಿಲ್ಲರೆ ನೋಡಿದರೆ ಪ್ರತಿಯೊಂದರ ಮೇಲೂ ಆಪಾನ ಬಾಚಣಿಗೆ. ಹಿಂದೆ ಕ್ಯೂ ನಿಂತವರು ಕೆಮ್ಮುವ ತನಕ ನಾನು ಅಲ್ಲಾಡಲಿಲ್ಲ. ಅದು ಹಾರ್ಪ್ ಅನ್ನುವ ವಾದ್ಯ, ಈ ದೇಶದ ಗುರುತು ಅಂತ ಶಾಹಿನ್ ಹೇಳಿದಳು. ಅಲ್ಲಿಂದ ಶುರುವಾಯಿತು ನನ್ನ ಹುಚ್ಚು. ಭಾನುವಾರದ ಸಂತೆಗಳಲ್ಲಿ, ಹೋಟೆಲ್ ಹಾಲುಗಳಲ್ಲಿ ನಡೆಯುವ ನಾಣ್ಯದ ಮೇಳಗಳಲ್ಲಿ ಟ್ರೇಗಳ ಮೇಲೆ ಬಗ್ಗಿ ನಿಲ್ಲುತ್ತಿದ್ದೆ. ಈ ದೇಶದಲ್ಲಿ ಒಂದು ಕಾಲಕ್ಕೆ ಬ್ರಿಟಿಷ್ ಪೆನ್ನಿಯೇ ನಡೆದಿದ್ದು. ತುರುಬಿನ ರಾಣಿ, ಮುಸುಕಿನ ರಾಣಿ, ಮೀನಮ್ಮ. ಆಪಾನ ಅಂಗಡಿಯವರೆಲ್ಲ ಇಲ್ಲಿಗೆ ಬಂದು ಕೂತಿದ್ದರು. ಒಂದೊಂದಾಗಿ ಕೊಂಡೆ. ಯಾವುದು ಕೈಬದಲಾಗಿ ಸವೆದದ್ದು, ಯಾವುದು ಪೆಟ್ಟಿಗೆಯಲ್ಲೇ ಮಲಗಿದ್ದದ್ದು, ಯಾವ ವರ್ಷದ್ದು ಅಪರೂಪ ಅಂತ ಕಲಿತೆ. ಮೊದಲು ಕಲಿತ ಪಾಠ ಕೇಳಿ ಮನಸ್ಸಿನಲ್ಲೇ ನಕ್ಕಿದ್ದೆ: ಹಳೇ ನಾಣ್ಯವನ್ನು ಯಾವತ್ತೂ ಉಜ್ಜಬಾರದು, ಉಜ್ಜಿದರೆ ಬೆಲೆ ಹೋಯಿತು. ತಲೆಮಾರುಗಳಿಂದ ಉಜ್ಜಿಯೇ ಉಂಡವರು ನಾವು.

ಮಗಳು ಜೋಯಾ ಚಿಕ್ಕವಳಿದ್ದಾಗಿನಿಂದ ನನ್ನ ಜೊತೆ ಬರುತ್ತಿದ್ದಳು. ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಲ್ಲಿಯವರ ರಾಗದ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ನಮಗೆ ಅದು ರೂಢಿ. ಹೋದ ವರ್ಷ ಡಬ್ಲಿನ್ನಿನ ಒಂದು ಮೇಳದಲ್ಲಿ, ನನಗೆ ಏನನ್ನಿಸಿತೋ, ಯಾವಾಗಲೂ ಯಾರ ಹತ್ತಿರ ಕೊಳ್ಳುತ್ತೇನೋ ಆ ಮುದುಕ ವ್ಯಾಪಾರಿಗೆ ಬಿಲ್ಲೆ ತೋರಿಸಿದೆ. ಅವನು ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಏರಿಸಿಕೊಂಡು ಬಹಳ ಹೊತ್ತು ನೋಡಿದ. ಬಹಳ ಹಿಂದೆ ಚಿಲ್ಲರೆಗೆ ಬರ ಬಂದಾಗ ಇಲ್ಲಿಯ ವ್ಯಾಪಾರಿಗಳು ತಾವೇ ಅರ್ಧ ಪೆನ್ನಿ ಅಚ್ಚು ಹಾಕಿಸಿದ್ದರಂತೆ, ಇದು ಅಂಥದ್ದು, ಯಾರೋ ಇದಕ್ಕೆ ತವರ ಬಳಿದು ಅಕ್ಷರ ಮುಚ್ಚಿಬಿಟ್ಟಿದ್ದಾರೆ ಅಂದ. ತಾನು ನಾಣ್ಯ ತೊಳೆಯುವವನಲ್ಲ, ಆದರೆ ಇದು ಕೊಳೆಯಲ್ಲ, ಮೇಲಿನ ಹೊದಿಕೆ; ಮದ್ದಿನಲ್ಲಿ ಅದ್ದಿ ತೆಗೆದರೆ ಕೆಳಗೆ ಒಳ್ಳೆಯದೇ ಇರಬಹುದು, ಇಲ್ಲೇ ಬಿಟ್ಟುಹೋಗು ಅಂದ. ಬೇಡ, ಹೀಗೇ ಇರಲಿ ಅಂದೆ. ಯಾಕೆಂದು ಅವನಿಗೆ ಹೇಳಲಿಲ್ಲ, ಜೋಯಾಗೂ ಯಾವತ್ತೂ ಹೇಳಿರಲಿಲ್ಲ. ಕಾರಿನಲ್ಲಿ ಜೋಯಾ ಕೇಳಿದಳು, ಕೆಳಗೆ ಏನಿದೆ ನೋಡೋಕೆ ಆಸೆ ಇಲ್ವಾ ಅಂತ. ಇದೆ, ಇಲ್ಲದೆ ಏನು ಅಂದೆ. ಅದು ಸುಳ್ಳಲ್ಲ. ಅಷ್ಟರಲ್ಲಿ ಲೂಕನ್ ತಿರುವು ಬಂತು.

ನನ್ನ ಮಗಳಿಗೆ ನಾನು ಗೊತ್ತು. ಹೊಸ ಕೋಟು ಬೇಡ ಅನ್ನುತ್ತೇನೆ, ಶಾಹಿನ್ ತಂದುಕೊಟ್ಟರೆ ಕನ್ನಡಿ ಮುಂದೆ ಎರಡು ಸಲ ತಿರುಗುತ್ತೇನೆ. ಕೂತು ತಿನ್ನುವ ಹೋಟೆಲು ಬೇಡ ಅನ್ನುತ್ತೇನೆ, ಹೋದ ಮೇಲೆ ತಟ್ಟೆ ಬಳಿದು ಉಣ್ಣುತ್ತೇನೆ. ನನಗಾಗಿ ನಾನು ಏನೂ ಮಾಡಿಕೊಳ್ಳುವವನಲ್ಲ, ಇನ್ನೊಬ್ಬರು ಮಾಡಿದರೆ ಖುಷಿಪಡುವವನು ಅಂತ ಅವಳು ಕಂಡುಕೊಂಡಿದ್ದಳು. ನನ್ನ ಹುಟ್ಟುಹಬ್ಬಕ್ಕೆ, ಶನಿವಾರದ ಕೆಲಸದಲ್ಲಿ ಉಳಿಸಿದ್ದನ್ನು ತೆಗೆದುಕೊಂಡು, ಬಿಲ್ಲೆಯನ್ನು ಬೀರುವಿನಿಂದ ಎತ್ತಿಕೊಂಡು, ಬಸ್ಸು ಹತ್ತಿ ಆ ಮುದುಕನ ಹತ್ತಿರ ಹೋಗಿಬಂದಿದ್ದಳು.

ಕೇಕು ಕತ್ತರಿಸಿದ ಮೇಲೆ ನನ್ನ ಕಣ್ಣು ಮುಚ್ಚಿಸಿ ಅಂಗೈಯಲ್ಲಿ ಏನೋ ಇಟ್ಟಳು. ಕನ್ನಡದಲ್ಲಿ ಹೇಳಲು ಅಮ್ಮನ ಹತ್ತಿರ ಅಭ್ಯಾಸ ಮಾಡಿಕೊಂಡಿದ್ದಳಂತೆ. ಯಾವುದರ ಬಗ್ಗೆ ಅನ್ನುವುದನ್ನು ಮಾತ್ರ ಅಮ್ಮನಿಗೂ ಹೇಳಿರಲಿಲ್ಲ.

"ಡ್ಯಾಡ್, ಈಗ ನೋಡಿ. ನಿಮಗೋಸ್ಕರ ಕ್ಲೀನ್ ಮಾಡಿಸಿದೀನಿ."

ಕಣ್ಣು ಬಿಟ್ಟೆ. ಗಟ್ಟಿ ಪ್ಲಾಸ್ಟಿಕ್ಕಿನ ಪುಟ್ಟ ಪೆಟ್ಟಿಗೆಯಲ್ಲಿ ಒಂದು ಕಂದು ಬಿಲ್ಲೆ. ಹಾರ್ಪಿನ ಒಂದೊಂದು ತಂತಿಯೂ ಎಣಿಸಬಹುದಾದಷ್ಟು ಸ್ಪಷ್ಟ. ಸುತ್ತಲಿನ ಅಕ್ಷರಗಳೂ ಕಾಣುತ್ತಿದ್ದವು, ಯಾವುದೋ ವ್ಯಾಪಾರಿಯ ಹೆಸರು, ಯಾವುದೋ ಊರು. ತಿರುಗಿಸಿದೆ. ಆ ಕಡೆಯೂ ಕಂದು. ಅಂಚು ನೋಡಿದೆ. ಎಲ್ಲಾದರೂ ಒಂದು ಸಾಸಿವೆಯಷ್ಟು ಬಿಳುಪು ಉಳಿದಿದೆಯೇ ಅಂತ ದೀಪದ ಕೆಳಗೆ ಹಿಡಿದು ನೋಡಿದೆ. ಮುದುಕ ಒಳ್ಳೆ ಕೆಲಸಗಾರ. ಏನೂ ಬಿಟ್ಟಿರಲಿಲ್ಲ. ಇದು ನಿಜಕ್ಕೂ ಅಪರೂಪದ್ದು, ಅವನು ತಾನೇ ಕೊಳ್ಳುತ್ತೇನೆ ಅಂದ ಅಂತೆಲ್ಲ ಜೋಯಾ ಇಂಗ್ಲಿಷಿಗೆ ತಿರುಗಿ ಉಸಿರು ಕಟ್ಟಿ ಹೇಳುತ್ತಿದ್ದಳು. ಅವಳ ಕಣ್ಣು ನನ್ನ ಮುಖದ ಮೇಲೇ ಇತ್ತು. ಅಬ್ಬಾನ ಮುಂದೆ ನಿಂತು ಬಿಲ್ಲೆ ಹಿಡಿದವಳ ಕಣ್ಣೂ ಹೀಗೇ ಇತ್ತು.

"ಗ್ರ್ಯಾಂಡ್ ಐತೆ ಮಗಳೆ," ಅಂದೆ. "ತುಂಬ ಗ್ರ್ಯಾಂಡ್ ಐತೆ."

ಶಾಹಿನ್‌ಗೆ ಎಲ್ಲ ಗೊತ್ತು. ಅವಳು ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಹಳ ಹೊತ್ತು ಹರಿಯಿತು. ಜೋಯಾ ಮಲಗಲು ಮೇಲೆ ಹೋದ ಮೇಲೆ ಬಂದು ನನ್ನ ಪಕ್ಕ ಕೂತಳು.

"ಅವಳಿಗೆ ಹೇಳ್ಬೇಡ್ರಿ."

"ಹೇಳಲ್ಲ."

ಹೇಳಿಲ್ಲ. ಅವಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅದಕ್ಕೇ ಇಲ್ಲಿ, ನಿಮ್ಮ ಹತ್ತಿರ ಹೇಳುತ್ತಿದ್ದೇನೆ. ಅವಳು ತಪ್ಪು ಮಾಡಲಿಲ್ಲ. ಅಪ್ಪನಿಗಾಗಿ ಒಂದು ಹಳೇ ಲೋಹವನ್ನು ಬೆಳಗಿಸಿ ತಂದಳು. ನಮ್ಮ ಮನೆತನದವರು ಪ್ರೀತಿ ಬಂದಾಗ ಮಾಡುವುದು ಅದನ್ನೇ.

ಕಿಲ್ಕೆನ್ನಿಯ ಮಾಡಿನ ಮೇಲೆ, ಆ ಹೊಗೆ ಎದ್ದ ದಿನ, ಶಾನ್ ಚಹಾ ಕುಡಿಯಲು ಕೆಳಗಿಳಿದ. ನಾನು ಬಿಲ್ಲೆಯನ್ನು ಪ್ಲಾಸ್ಟಿಕ್ಕಿನಿಂದ ಬಿಡಿಸಿ ತಾಮ್ರದ ತಗಡಿನ ಮೇಲಿಟ್ಟೆ. ಪಕ್ಕದಲ್ಲಿ ನವಸಾಗರದ ಮದ್ದಿತ್ತು, ತವರದ ಕಡ್ಡಿಯಿತ್ತು, ಉರಿಯುವ ಟಾರ್ಚು ಕೈಯಲ್ಲಿತ್ತು. ಮತ್ತೆ ಕಲಾಯಿ ಮಾಡುವುದು ನನಗೆ ಕಷ್ಟದ ಕೆಲಸವಲ್ಲ. ಅಬ್ಬಾ ಮಾಡಿದ ಹಾಗೇ ಮಾಡುತ್ತೇನೆ, ಯಾರಿಗೂ ಗುರುತು ಸಿಗುವುದಿಲ್ಲ. ಕಡ್ಡಿ ಎತ್ತಿಕೊಂಡೆ. ಕೆಳಗಿಟ್ಟೆ. ಮಾಡಿದ್ದರೆ ಅದು ನನ್ನ ಕೈಯ ಕಲಾಯಿ ಆಗುತ್ತಿತ್ತು. ಅಬ್ಬಾನದಲ್ಲ.

ಟಾರ್ಚಿನ ಉರಿಯನ್ನು ಸಣ್ಣಗೆ ಮಾಡಿ ಬಿಲ್ಲೆಯನ್ನು ಸುಮ್ಮನೆ ಬಿಸಿ ಮಾಡಿದೆ. ಕೈಗವಸು ಕಳಚಿ ಎತ್ತಿಕೊಂಡೆ. ಚುರುಕ್ಕೆಂದಿತು. ಅಂದು ಆಪಾ ಮಾಡಿದ ಹಾಗೇ ಆ ಕೈಯಿಂದ ಈ ಕೈಗೆ ಹಾಕಿಕೊಂಡೆ, ಈ ಕೈಯಿಂದ ಆ ಕೈಗೆ. ಊದಿದೆ. ಕಿಲ್ಕೆನ್ನಿಯ ಗಾಳಿ ಜೋರಿತ್ತು, ನನಗಿಂತ ಮುಂಚೆ ಅದೇ ಊದುತ್ತಿತ್ತು. ಕೆಳಗೆ ಮಾತ್ರ ಹಾಕಲಿಲ್ಲ. ಅದು ತೀರಾ ತಣ್ಣಗಾಗುವ ತನಕ ಹಿಡಿದುಕೊಂಡೇ ಕೂತಿದ್ದೆ.